ವಿದೇಶವಾಸದ ಕಾರಣ ರದ್ದಾದ ಆಸ್ಟ್ರೇಲಿಯದ ಅಂಗವೈಕಲ್ಯ ಪಿಂಚಣಿ: ಮರುಪರಿಶೀಲನೆ ಹಾಗೂ ಮೇಲ್ಮನವಿ ಕುರಿತು ಮಾಹಿತಿ

ಆಸ್ಟ್ರೇಲಿಯದಲ್ಲಿ ನೆಲೆಸಿ, ಅಲ್ಲಿನ ಸರ್ಕಾರದಿಂದ 'ಡಿಸೆಬಿಲಿಟಿ ಸಪೋರ್ಟ್ ಪೆನ್ಷನ್' ಎಂಬ ಅಂಗವೈಕಲ್ಯ ಪಿಂಚಣಿ ಪಡೆಯುತ್ತಿರುವ ಕನ್ನಡಿಗರು, ತಂದೆತಾಯಿಯರ ಕಾಯಿಲೆ, ಸಾವು, ತಮ್ಮದೇ ಚಿಕಿತ್ಸೆ ಅಥವಾ ಆಸ್ತಿಯ ವ್ಯವಹಾರದ ಸಲುವಾಗಿ ಕರ್ನಾಟಕಕ್ಕೆ ಬಂದು ಹಲವು ತಿಂಗಳು ತಂಗುವುದುಂಟು. ಹೀಗೆ ತಂಗಿದ ಅವಧಿಯಲ್ಲಿ ಪಿಂಚಣಿಯು ಮೊದಲು ತಡೆಹಿಡಿಯಲ್ಪಟ್ಟು, ತರುವಾಯ ರದ್ದಾಗುವ ಸಂಭವವಿರುತ್ತದೆ. ಅಂತಹವರು ಮತ್ತು ಅವರ ಕುಟುಂಬದವರು ಅನುಸರಿಸಬೇಕಾದ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸದರಿ ಪಿಂಚಣಿಯು ಆಸ್ಟ್ರೇಲಿಯ ಸರ್ಕಾರದ್ದು. ಅದನ್ನು ಮಂಜೂರು ಮಾಡುವ, ತಡೆಹಿಡಿಯುವ ಅಥವಾ ಪುನಃ ಆರಂಭಿಸುವ ಅಧಿಕಾರ ಕರ್ನಾಟಕದ ಯಾವ ಕಚೇರಿಗೂ ಇರುವುದಿಲ್ಲ. ತಾಲ್ಲೂಕು ಕಚೇರಿಗಾಗಲಿ, ಜಿಲ್ಲಾಧಿಕಾರಿಗಳ ಕಚೇರಿಗಾಗಲಿ ಈ ಬಗ್ಗೆ ಮನವಿ ಸಲ್ಲಿಸಿ ಕಾಯುವುದರಿಂದ ಅಮೂಲ್ಯವಾದ ದಿನಗಳು ವ್ಯರ್ಥವಾಗುತ್ತವೆಯೇ ಹೊರತು ಬೇರೆ ಪ್ರಯೋಜನವಿಲ್ಲ. ಆದರೆ ಮೇಲ್ಮನವಿಗೆ ಬೇಕಾಗುವ ದಾಖಲೆಗಳಲ್ಲಿ ಬಹುಪಾಲು ಕರ್ನಾಟಕದಲ್ಲಿಯೇ ದೊರೆಯತಕ್ಕವು. ಇವುಗಳನ್ನು ಇಲ್ಲಿಂದ ಹೊರಡುವ ಮುನ್ನವೇ ಸಂಗ್ರಹಿಸಿಕೊಳ್ಳುವುದು ಅಗತ್ಯ.

ಮೊದಲು ಓದಬೇಕಾದದ್ದು ರದ್ದತಿಯ ಪತ್ರ

ಪಿಂಚಣಿಯನ್ನು ನಿರ್ವಹಿಸುವುದು 'ಸರ್ವಿಸಸ್ ಆಸ್ಟ್ರೇಲಿಯಾ' ಸಂಸ್ಥೆಯ 'ಸೆಂಟರ್‌ಲಿಂಕ್' ವಿಭಾಗ. ರದ್ದತಿಯ ಬಗ್ಗೆ ಈ ವಿಭಾಗದಿಂದ ಪತ್ರ ಬರುತ್ತದೆ. ಪತ್ರವು ಆಸ್ಟ್ರೇಲಿಯದ ಮನೆಯ ವಿಳಾಸಕ್ಕೆ ಅಥವಾ 'ಮೈಗವ್' ಎಂಬ ಅಂತರ್ಜಾಲ ಖಾತೆಗೆ ಬರುವುದರಿಂದ, ಊರಿನಲ್ಲಿರುವವರು ಅದನ್ನು ತಡವಾಗಿ ನೋಡುವುದೇ ಹೆಚ್ಚು. ಪತ್ರ ಕೈಗೆ ಬಂದ ಕೂಡಲೇ ಅದರಲ್ಲಿ ನಮೂದಾಗಿರುವ ಕಾರಣವನ್ನು ಗುರುತಿಸತಕ್ಕದ್ದು. ಕಾರಣ ಸ್ಪಷ್ಟವಾಗಿಲ್ಲದಿದ್ದರೆ ದೂರವಾಣಿ ಮೂಲಕ ವಿವರಣೆ ಕೇಳುವ ಹಕ್ಕು ಪಿಂಚಣಿದಾರರಿಗೆ ಇದೆ.

ಈ ಹಂತದಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ವಿದೇಶವಾಸದ ಕಾರಣ ಪಿಂಚಣಿ ರದ್ದಾದಾಗ ಬಹುತೇಕ ಜನರು ತಮ್ಮ ಮನವಿಯಲ್ಲಿ ಅಂಗವೈಕಲ್ಯದ ಕಷ್ಟವನ್ನು ವಿಸ್ತಾರವಾಗಿ ಬರೆಯಲು ತೊಡಗುತ್ತಾರೆ. ನಡೆಯಲಾಗುವುದಿಲ್ಲ, ಬೆನ್ನು ನೋವು, ಮನೆಯಲ್ಲಿ ದುಡಿಯುವವರಿಲ್ಲ ಎಂಬುದೆಲ್ಲ ನಿಜವೇ ಇರಬಹುದು. ಆದರೆ ಕಚೇರಿಯು ಅವರ ಅಂಗವೈಕಲ್ಯವನ್ನು ಅಲ್ಲಗಳೆದಿರುವುದಿಲ್ಲ. ಅದು ಪ್ರಶ್ನಿಸಿರುವುದು ದಿನಗಳ ಲೆಕ್ಕವನ್ನು ಅಥವಾ ವಾಸಸ್ಥಳವನ್ನು. ಕೇಳದ ಪ್ರಶ್ನೆಗೆ ಹತ್ತು ಪುಟ ಉತ್ತರ ಬರೆದು, ಕೇಳಿದ ಪ್ರಶ್ನೆಗೆ ಒಂದು ಸಾಲನ್ನೂ ಬರೆಯದಿದ್ದರೆ ಮನವಿ ತಿರಸ್ಕೃತವಾಗುವುದರಲ್ಲಿ ಆಶ್ಚರ್ಯವಿಲ್ಲ.

ಇಪ್ಪತ್ತೆಂಟು ದಿನಗಳ ಮಿತಿ

ಪ್ರಸ್ತುತ ನಿಯಮದಂತೆ, ಅಂಗವೈಕಲ್ಯ ಪಿಂಚಣಿದಾರರು ಆಸ್ಟ್ರೇಲಿಯದಿಂದ ಹೊರಗಿರುವಾಗ ಸಾಮಾನ್ಯವಾಗಿ ಯಾವುದೇ 12 ತಿಂಗಳ ಅವಧಿಯಲ್ಲಿ ಒಟ್ಟು 28 ದಿನಗಳವರೆಗೆ ಮಾತ್ರ ಪಿಂಚಣಿ ಪಡೆಯಬಹುದು. ಈ ನಿಯಮ 2015ರ ಜನವರಿ 1ರಿಂದ ಜಾರಿಯಲ್ಲಿದೆ. ಇದಕ್ಕೆ ಮೊದಲು, 2013ರ ಜನವರಿಯಿಂದ, ಪ್ರತಿ ಪ್ರಯಾಣಕ್ಕೆ 6 ವಾರಗಳ ಮಿತಿಯಿತ್ತು. ಅದಕ್ಕೂ ಹಿಂದೆ 13 ವಾರಗಳ ಮಿತಿಯಿತ್ತು. ಬಹಳ ಹಿಂದೆಯೇ ವಲಸೆ ಹೋದ ಹಿರಿಯರು "ಮೂರು ತಿಂಗಳೊಳಗೆ ಹೋಗಿ ಬಂದರೆ ಏನೂ ಆಗುವುದಿಲ್ಲ" ಎಂದು ಇಂದಿಗೂ ಸಲಹೆ ನೀಡುವುದು ಆ ಹಳೆಯ ನಿಯಮದ ನೆನಪಿನಿಂದ. ಅವರ ಮಾತು ಅಂದಿಗೆ ಸರಿಯಾಗಿತ್ತು, ಇಂದಿಗೆ ಸರಿಯಲ್ಲ.

ವೃದ್ಧಾಪ್ಯ ಪಿಂಚಣಿ ಪಡೆಯುವವರ ಉದಾಹರಣೆಯನ್ನು ನೋಡಿಯೂ ಕೆಲವರು ಮೋಸಹೋಗುತ್ತಾರೆ. ಆಸ್ಟ್ರೇಲಿಯದ ವೃದ್ಧಾಪ್ಯ ಪಿಂಚಣಿಯನ್ನು ಸಾಮಾನ್ಯವಾಗಿ ವಿದೇಶದಲ್ಲಿಯೂ ದೀರ್ಘಕಾಲ ಪಡೆಯಬಹುದು. 26 ವಾರಗಳ ನಂತರ ಅದರ ಮೊತ್ತ, ಪಿಂಚಣಿದಾರರು ದುಡಿಯುವ ವಯಸ್ಸಿನಲ್ಲಿ ಆಸ್ಟ್ರೇಲಿಯದಲ್ಲಿ ಕಳೆದ ವರ್ಷಗಳಿಗೆ ಅನುಗುಣವಾಗಿ ಕಡಿಮೆಯಾಗಬಹುದು. ಒಂದೇ ಮನೆಯಲ್ಲಿ ಗಂಡನಿಗೆ ವೃದ್ಧಾಪ್ಯ ಪಿಂಚಣಿ, ಹೆಂಡತಿಗೆ ಅಂಗವೈಕಲ್ಯ ಪಿಂಚಣಿ ಇದ್ದು, ಇಬ್ಬರೂ ಒಟ್ಟಿಗೆ ಆರು ತಿಂಗಳು ಊರಿಗೆ ಬಂದರೆ, ಗಂಡನ ಪಿಂಚಣಿ ಮುಂದುವರಿದು ಹೆಂಡತಿಯದು ನಿಲ್ಲಬಹುದು. ಎರಡೂ ಒಂದೇ ಕಚೇರಿಯಿಂದ ಬರುವ ಹಣವಾದರೂ ನಿಯಮಗಳು ಬೇರೆ ಬೇರೆ.

ದಿನಗಳನ್ನು ಎಣಿಸುವ ಕ್ರಮವನ್ನೂ ಅರಿತಿರಬೇಕು. ಇದು ಜನವರಿಯಿಂದ ಡಿಸೆಂಬರಿನವರೆಗಿನ ವರ್ಷವಲ್ಲ. ಏಪ್ರಿಲ್ 1ಕ್ಕೆ ಹೊಸ ಲೆಕ್ಕ ತೆರೆಯುವ ನಮ್ಮ ಪದ್ಧತಿಯಾಗಲಿ, ಜುಲೈ 1ಕ್ಕೆ ಆರಂಭವಾಗುವ ಆಸ್ಟ್ರೇಲಿಯದ ಹಣಕಾಸು ವರ್ಷವಾಗಲಿ ಇಲ್ಲಿ ಅನ್ವಯಿಸುವುದಿಲ್ಲ. ಯಾವ ದಿನದಂದು ಲೆಕ್ಕ ಹಾಕಿದರೂ ಅಲ್ಲಿಂದ ಹಿಂದಕ್ಕೆ 12 ತಿಂಗಳನ್ನು ನೋಡಲಾಗುತ್ತದೆ. ಉದಾಹರಣೆಗೆ, ಒಬ್ಬ ಪಿಂಚಣಿದಾರರು ಜನವರಿಯಲ್ಲಿ ತಂಗಿಯ ಮದುವೆಗೆಂದು 20 ದಿನ ಊರಿನಲ್ಲಿದ್ದು ಹಿಂದಿರುಗಿದರೆಂದು ಭಾವಿಸೋಣ. ಅದೇ ವರ್ಷ ನವೆಂಬರಿನಲ್ಲಿ ಅವರು ಪುನಃ ಬಂದಾಗ ಉಳಿದಿರುವುದು 8 ದಿನಗಳು ಮಾತ್ರ. ಅವರು 45 ದಿನ ತಂಗಿದರೆ ಉಳಿದ 37 ದಿನಗಳಿಗೆ, ವಿನಾಯಿತಿ ಇಲ್ಲದಿದ್ದಲ್ಲಿ, ಪಿಂಚಣಿ ಸಲ್ಲುವುದಿಲ್ಲ. ತಾವು ಹೋದದ್ದು ಬಂದದ್ದು ಕಚೇರಿಗೆ ತಿಳಿಯದು ಎಂದು ಯಾರೂ ಭಾವಿಸಬಾರದು. ಪ್ರಯಾಣಿಕರ ಆಗಮನ ನಿರ್ಗಮನದ ವಿವರಗಳು ಆಸ್ಟ್ರೇಲಿಯದ ಗೃಹ ವ್ಯವಹಾರಗಳ ಇಲಾಖೆಯಿಂದ ಸೆಂಟರ್‌ಲಿಂಕ್‌ಗೆ ರವಾನೆಯಾಗುತ್ತವೆ.

ಹಾಗೆಂದು ಕಚೇರಿಯ ಲೆಕ್ಕವೆಲ್ಲ ಕಡ್ಡಾಯವಾಗಿ ಸರಿಯೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಪಾಸ್‌ಪೋರ್ಟಿನ ಮುದ್ರೆಗಳು, ವಿಮಾನದ ಬೋರ್ಡಿಂಗ್ ಪಾಸ್‌ಗಳೊಂದಿಗೆ ತಾಳೆ ನೋಡುವುದು ಒಳ್ಳೆಯದು. ಗೃಹ ವ್ಯವಹಾರಗಳ ಇಲಾಖೆಗೆ ಅರ್ಜಿ ಸಲ್ಲಿಸಿ ತಮ್ಮ ಅಂತಾರಾಷ್ಟ್ರೀಯ ಪ್ರಯಾಣ ದಾಖಲೆಯ ಪ್ರತಿಯನ್ನು ಪಡೆಯಲೂ ಅವಕಾಶವಿದೆ. ಖಾತೆಯ ಎರಡೂ ಬದಿ ಹೊಂದುವವರೆಗೆ ಸಹಿ ಹಾಕಬಾರದೆಂಬುದು ಲೆಕ್ಕಪತ್ರದ ಮೊದಲ ಪಾಠ. ಅದು ಇಲ್ಲಿಯೂ ಸಲ್ಲುತ್ತದೆ.

ಮಿತಿಯನ್ನು ವಿಸ್ತರಿಸಬಹುದಾದ ಸಂದರ್ಭಗಳು

ಮೇಲ್ಮನವಿಯ ಯಶಸ್ಸು ಬಹಳಮಟ್ಟಿಗೆ ಈ ಭಾಗವನ್ನು ಅವಲಂಬಿಸಿದೆ. 1991ರ ಸಾಮಾಜಿಕ ಭದ್ರತಾ ಕಾಯ್ದೆಯ ಪ್ರಕಾರ, ವಿದೇಶದಲ್ಲಿರುವಾಗ ಸಂಭವಿಸಿದ ಕೆಲವು ಘಟನೆಗಳ ಕಾರಣ ಹಿಂದಿರುಗಲು ಸಾಧ್ಯವಾಗದಿದ್ದವರಿಗೆ ಪಿಂಚಣಿಯ ಅವಧಿಯನ್ನು ವಿಸ್ತರಿಸಲು ಅವಕಾಶವಿದೆ. ಪಿಂಚಣಿದಾರರು ಅಥವಾ ಅವರ ಕುಟುಂಬದ ಸದಸ್ಯರು ಗಂಭೀರ ಅಪಘಾತಕ್ಕೊಳಗಾಗುವುದು, ಗಂಭೀರ ಕಾಯಿಲೆ ಬೀಳುವುದು, ಆಸ್ಪತ್ರೆಗೆ ದಾಖಲಾಗುವುದು, ಕುಟುಂಬದ ಸದಸ್ಯರ ಮರಣ, ದರೋಡೆ ಅಥವಾ ಘೋರ ಅಪರಾಧಕ್ಕೆ ಗುರಿಯಾಗುವುದು, ಮಕ್ಕಳ ಪಾಲನೆಯ ಹಕ್ಕಿಗೆ ಸಂಬಂಧಿಸಿದ ನ್ಯಾಯಾಲಯದ ವ್ಯವಹಾರ, ನೈಸರ್ಗಿಕ ವಿಕೋಪ, ಯುದ್ಧ ಅಥವಾ ಗಲಭೆ ಮೊದಲಾದವು ಇದರಲ್ಲಿ ಸೇರಿವೆ.

ಇಲ್ಲಿ ಎರಡು ಅಂಶಗಳನ್ನು ಸಾಬೀತುಪಡಿಸಬೇಕಾಗುತ್ತದೆ. ಮೊದಲನೆಯದು, ಘಟನೆಯು ವಿದೇಶದಲ್ಲಿದ್ದ ಅವಧಿಯಲ್ಲಿಯೇ ಸಂಭವಿಸಿರಬೇಕು ಅಥವಾ ಆರಂಭವಾಗಿರಬೇಕು. ಎರಡನೆಯದು, ಆ ಘಟನೆಯ ಕಾರಣದಿಂದಲೇ ಹಿಂದಿರುಗಲು ಸಾಧ್ಯವಾಗಿರಬಾರದು.

ಈ ಎರಡನ್ನೂ ಊರಿನ ಸಂದರ್ಭಕ್ಕೆ ಅನ್ವಯಿಸಿ ನೋಡಬೇಕು. ತಾಯಿಗೆ ಪಾರ್ಶ್ವವಾಯು ಆದ ಸುದ್ದಿ ಕೇಳಿಯೇ ವಿಮಾನ ಹತ್ತಿದವರ ಪ್ರಕರಣದಲ್ಲಿ, ಘಟನೆ ಹೊರಡುವುದಕ್ಕಿಂತ ಮೊದಲೇ ಆರಂಭವಾಗಿದೆ ಎಂಬ ಆಕ್ಷೇಪಣೆ ಬರಬಹುದು. ಆದರೆ ಮೈಸೂರಿಗೆ ಬಂದು ಹತ್ತನೆಯ ದಿನ ತಾಯಿಗೆ ಎರಡನೆಯ ಬಾರಿ ಪಾರ್ಶ್ವವಾಯು ಆಗಿ ಪುನಃ ಆಸ್ಪತ್ರೆಗೆ ಸೇರಿಸಿದ್ದರೆ ಅದು ಪ್ರತ್ಯೇಕ ಘಟನೆ. ಮನವಿಯಲ್ಲಿ "ತಾಯಿಗೆ ಕಾಯಿಲೆಯಿತ್ತು" ಎಂದಷ್ಟೇ ಬರೆದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಯಾವ ದಿನ, ಏನಾಯಿತು, ಯಾವ ಆಸ್ಪತ್ರೆ, ಎಷ್ಟು ದಿನ ಒಳರೋಗಿ ಎಂಬುದನ್ನು ದಿನಾಂಕವಾರು ಬರೆಯತಕ್ಕದ್ದು.

ಮರಣದ ವಿಷಯದಲ್ಲಿಯೂ ಹೀಗೆಯೇ. ಊರಿನಲ್ಲಿದ್ದಾಗ ತಂದೆ ತೀರಿಕೊಂಡು, ಹದಿಮೂರನೆಯ ದಿನದ ಕಾರ್ಯದವರೆಗೆ ಮಗ ಅಥವಾ ಮಗಳು ಇರಲೇಬೇಕಾಯಿತೆಂಬುದನ್ನು ವಿವರಿಸಬಹುದು. ಉತ್ತರಕ್ರಿಯೆಯ ದಿನಗಳೆಷ್ಟು, ಅವುಗಳಲ್ಲಿ ಕರ್ತೃ ಹಾಜರಿರಬೇಕಾದ ಅನಿವಾರ್ಯತೆ ಏನು ಎಂಬುದು ಮೆಲ್ಬರ್ನಿನಲ್ಲಿ ಕಡತ ನೋಡುವ ಅಧಿಕಾರಿಗೆ ತಿಳಿದಿರಲಾರದು; ಎರಡು ಮೂರು ವಾಕ್ಯಗಳಲ್ಲಿ ತಿಳಿಸಬೇಕು. ಆದರೆ ವರ್ಷಾಬ್ದಿಕದವರೆಗೆ ಉಳಿದುಕೊಂಡದ್ದಕ್ಕೆ ಇದೇ ಕಾರಣ ಸಾಲದು. ಪೌತಿ ಖಾತೆ ಮಾಡಿಸಲು, ಅಣ್ಣತಮ್ಮಂದಿರ ವಿಭಾಗಪತ್ರ ನೋಂದಾಯಿಸಲು, ಸರ್ವೆ ಮುಗಿಯುವವರೆಗೆ ಕಾಯಲು ಉಳಿದವರ ಸಂಖ್ಯೆ ಕಡಿಮೆಯೇನಲ್ಲ. ಇಂತಹ ಕೆಲಸಗಳು ನಮ್ಮಲ್ಲಿ ಎಷ್ಟು ಕಾಲ ಹಿಡಿಯುತ್ತವೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೂ ಆಸ್ತಿಯ ವ್ಯವಹಾರವು ಮೇಲ್ಕಂಡ ಘಟನೆಗಳ ಪಟ್ಟಿಯಲ್ಲಿ ಇರುವುದಿಲ್ಲ. ವಿಶ್ವಾಸವುಳ್ಳ ಸಂಬಂಧಿಕರಿಗೆ ಅಧಿಕಾರ ಪತ್ರ ನೀಡಿ ಹಿಂದಿರುಗುವುದೇ ಸೂಕ್ತ.

'ಕುಟುಂಬದ ಸದಸ್ಯ' ಎಂಬ ಪದಕ್ಕೆ ಕಾಯ್ದೆಯಲ್ಲಿ ನಿರ್ದಿಷ್ಟ ಅರ್ಥವಿದೆ. ಸಂಗಾತಿ, ತಂದೆ, ತಾಯಿ, ಸೋದರ, ಸೋದರಿ, ಮಕ್ಕಳು ನೇರವಾಗಿ ಇದರಲ್ಲಿ ಬರುತ್ತಾರೆ. ಇವರಲ್ಲದೆ, ಕುಟುಂಬದ ಸದಸ್ಯರೆಂದು ಪರಿಗಣಿಸುವುದು ಸೂಕ್ತವೆಂದು ಕಂಡುಬಂದ ಇತರರನ್ನೂ ಸೇರಿಸಿಕೊಳ್ಳುವ ವಿವೇಚನೆ ಇದೆ. ತಾಯಿಯನ್ನು ಎಳೆವಯಸ್ಸಿನಲ್ಲಿ ಕಳೆದುಕೊಂಡವರನ್ನು ದೊಡ್ಡಮ್ಮನೋ ಅಜ್ಜಿಯೋ ಸಾಕಿ ಬೆಳೆಸಿದ್ದರೆ, ಇಂಗ್ಲಿಷಿನಲ್ಲಿ ಅದು ಕೇವಲ 'ಆಂಟ್' ಅಥವಾ 'ಗ್ರ್ಯಾಂಡ್‌ಮದರ್' ಆಗಿಬಿಡುತ್ತದೆ. ಎಷ್ಟನೆಯ ವಯಸ್ಸಿನಿಂದ ಅವರ ಮನೆಯಲ್ಲಿ ಬೆಳೆದದ್ದು, ಶಾಲೆಯ ದಾಖಲೆಯಲ್ಲಿ ಪೋಷಕರೆಂದು ಯಾರ ಹೆಸರಿದೆ ಎಂಬುದನ್ನು ಬರೆದು, ಇದ್ದಲ್ಲಿ ಆ ದಾಖಲೆಯ ಪ್ರತಿಯನ್ನು ಲಗತ್ತಿಸತಕ್ಕದ್ದು. ಅತ್ತೆ ಮಾವಂದಿರ ವಿಷಯದಲ್ಲಿಯೂ ಇದೇ ಕ್ರಮ.

ಇದಲ್ಲದೆ, ಅತ್ಯಂತ ತೀವ್ರ ಅಂಗವೈಕಲ್ಯವಿದ್ದು, ಮುಂದಿನ 5 ವರ್ಷಗಳಲ್ಲಿ ಕೆಲಸ ಮಾಡುವ ಸಾಮರ್ಥ್ಯ ಬರಲಾರದೆಂದು ಪರೀಕ್ಷೆಯಿಂದ ನಿರ್ಧರಿಸಲ್ಪಟ್ಟವರು ಹಾಗೂ ಮರಣಾಂತಿಕ ಕಾಯಿಲೆಯುಳ್ಳ ಕೆಲವರು ದಿನಗಳ ಮಿತಿಯಿಲ್ಲದೆ ವಿದೇಶದಲ್ಲಿ ಪಿಂಚಣಿ ಪಡೆಯಲು ಅರ್ಹರಾಗಬಹುದು. ಈ ವಿನಾಯಿತಿ ತಾನಾಗಿ ಬರುವಂಥದ್ದಲ್ಲ. ಹೊರಡುವುದಕ್ಕೆ ಸಾಕಷ್ಟು ಮುಂಚೆ ಕೋರಿ, ಪರೀಕ್ಷೆಗೆ ಒಳಪಟ್ಟು, ಲಿಖಿತ ಉತ್ತರ ಪಡೆದ ನಂತರವೇ ಪ್ರಯಾಣ ಬೆಳೆಸುವುದು ಕ್ಷೇಮ. ಭಾರತ ಮತ್ತು ಆಸ್ಟ್ರೇಲಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದವು 2016ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ಅದರ ಹೆಸರು ಹೇಳಿದ ಮಾತ್ರಕ್ಕೆ 28 ದಿನಗಳ ಮಿತಿ ಇಲ್ಲವಾಗುವುದಿಲ್ಲ.

ವಾಸಸ್ಥಳದ ಆಧಾರದ ಮೇಲೆ ರದ್ದಾದಲ್ಲಿ

ಕೆಲವು ಪತ್ರಗಳಲ್ಲಿ ಕಾರಣ ಬೇರೆಯಾಗಿರುತ್ತದೆ. ತಾವು ಇನ್ನು ಆಸ್ಟ್ರೇಲಿಯದ ನಿವಾಸಿಯಲ್ಲ ಎಂದು ಅದರಲ್ಲಿ ಹೇಳಿರುತ್ತದೆ. ಇದು 28 ದಿನಗಳ ಪ್ರಶ್ನೆಗಿಂತ ಗಂಭೀರವಾದದ್ದು. ಪೌರತ್ವವಿದೆ, ಆಸ್ಟ್ರೇಲಿಯದ ಪಾಸ್‌ಪೋರ್ಟ್ ಇದೆ ಎಂಬುದು ಇದಕ್ಕೆ ಸಂಪೂರ್ಣ ಉತ್ತರವಾಗದು. ಮನೆ ಎಲ್ಲಿದೆ ಮತ್ತು ಯಾವ ಬಗೆಯದು, ಹೆಂಡತಿ ಮಕ್ಕಳು ಎಲ್ಲಿದ್ದಾರೆ, ಉದ್ಯೋಗ ಹಾಗೂ ಹಣಕಾಸಿನ ಸಂಬಂಧಗಳು ಎಲ್ಲಿವೆ, ಆಸ್ತಿ ಎಲ್ಲಿದೆ, ಎಷ್ಟು ಬಾರಿ ಮತ್ತು ಎಷ್ಟು ಕಾಲ ವಿದೇಶದಲ್ಲಿ ಇದ್ದದ್ದು ಎಂಬ ಅಂಶಗಳನ್ನು ಕಾಯ್ದೆಯು ಪರಿಗಣನೆಗೆ ತೆಗೆದುಕೊಳ್ಳುತ್ತದೆ. ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಬ್ಯಾಂಕ್ ಖಾತೆಯ ವಿವರ, ಮಕ್ಕಳ ಶಾಲೆಯ ಪತ್ರ, ಕಾಯಂ ವೈದ್ಯರ ಪತ್ರ, ಮೊದಲೇ ಕಾಯ್ದಿರಿಸಿದ್ದ ಹಿಂದಿರುಗುವ ಟಿಕೆಟ್ ಇವೆಲ್ಲ ಉಪಯುಕ್ತ.

ಒಂದು ಎಚ್ಚರಿಕೆಯನ್ನೂ ನೀಡುವುದು ಅಗತ್ಯ. ವಿದೇಶಿ ಪೌರತ್ವ ಪಡೆದು ಓಸಿಐ ಕಾರ್ಡ್ ಹೊಂದಿರುವವರು ಭಾರತದಲ್ಲಿ ಆಧಾರ್ ಪಡೆಯಬೇಕಾದರೆ, ಅರ್ಜಿಗೆ ಹಿಂದಿನ 12 ತಿಂಗಳಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಇಲ್ಲಿ ವಾಸವಾಗಿರಬೇಕು. ಅನುಕೂಲಕ್ಕೆಂದು ಇಲ್ಲಿ "ನಾನು ನಿವಾಸಿ" ಎಂದು ಘೋಷಿಸಿ, ಅಲ್ಲಿ "ನಾನು ಕೆಲವು ದಿನದ ಮಟ್ಟಿಗೆ ಹೋಗಿದ್ದೆ" ಎಂದು ಬರೆದರೆ ಎರಡು ಹೇಳಿಕೆಗಳೂ ಒಂದಕ್ಕೊಂದು ವಿರುದ್ಧವಾಗಿ ನಿಲ್ಲುತ್ತವೆ. ಎರಡೂ ಸರ್ಕಾರಗಳ ಮುಂದೆ ಸಂಗತಿಗಳನ್ನು ಇದ್ದದ್ದು ಇದ್ದಂತೆ ತಿಳಿಸತಕ್ಕದ್ದು.

ಹದಿಮೂರು ವಾರಗಳ ಮಹತ್ವ

ನಿರ್ಧಾರವನ್ನು ಒಪ್ಪದವರು ಮೊದಲು ಸೆಂಟರ್‌ಲಿಂಕ್‌ನಲ್ಲಿಯೇ ಔಪಚಾರಿಕ ಮರುಪರಿಶೀಲನೆ ಕೋರಬೇಕು. ಮೂಲ ನಿರ್ಧಾರದಲ್ಲಿ ಭಾಗಿಯಾಗಿರದ ಮರುಪರಿಶೀಲನಾ ಅಧಿಕಾರಿಯೊಬ್ಬರು ಕಡತವನ್ನು ಹೊಸದಾಗಿ ನೋಡುತ್ತಾರೆ. ಇದಕ್ಕೆ ಶುಲ್ಕವಿಲ್ಲ. ದೂರವಾಣಿ, ಅಂತರ್ಜಾಲ ಅಥವಾ ಲಿಖಿತ ನಮೂನೆ, ಯಾವುದರ ಮೂಲಕವಾದರೂ ಕೋರಬಹುದು. ಆಸ್ಟ್ರೇಲಿಯದೊಳಗಿನಿಂದ ಬೇರೆ ಭಾಷೆಗಳಲ್ಲಿ ಮಾತನಾಡಲು 131 202 ಸಂಖ್ಯೆ ಇದ್ದು, ದುಭಾಷಿಯ ನೆರವನ್ನು ಉಚಿತವಾಗಿ ಕೇಳಬಹುದು. ಮಗ ಇಂಗ್ಲಿಷ್ ಬಲ್ಲನೆಂದು ಅವನಿಂದಲೇ ಮಾತನಾಡಿಸುವುದಕ್ಕಿಂತ, ದುಭಾಷಿಯ ಮೂಲಕ ಪಿಂಚಣಿದಾರರೇ ಮಾತನಾಡಿದರೆ ದಿನಾಂಕಗಳು ತಪ್ಪುವ ಸಂಭವ ಕಡಿಮೆ.

ಮರುಪರಿಶೀಲನೆಯನ್ನು ಯಾವಾಗ ಬೇಕಾದರೂ ಕೋರಬಹುದು ಎಂದು ಹೇಳಲಾಗುತ್ತದೆ. ಅದು ನಿಜ. ಆದರೆ ನಿರ್ಧಾರದ ತಿಳಿವಳಿಕೆ ಪತ್ರ ತಲುಪಿದ 13 ವಾರಗಳೊಳಗೆ ಕೋರಿದವರು ಗೆದ್ದರೆ ಪಿಂಚಣಿ ನಿಂತ ದಿನದಿಂದ ಬಾಕಿ ಹಣ ದೊರೆಯಬಹುದು. 13 ವಾರ ಮೀರಿದ ನಂತರ ಕೋರಿದವರಿಗೆ, ಗೆದ್ದರೂ, ಸಾಮಾನ್ಯವಾಗಿ ಕೋರಿದ ದಿನದಿಂದ ಮಾತ್ರ ಹಣ ಸಲ್ಲುತ್ತದೆ. ಆದುದರಿಂದ ದಾಖಲೆಗಳೆಲ್ಲ ಸಿದ್ಧವಾಗಲಿ ಎಂದು ಕಾಯುತ್ತ ಕೂರಬಾರದು. "ಈ ನಿರ್ಧಾರದ ಮರುಪರಿಶೀಲನೆ ಕೋರುತ್ತೇನೆ, ದಾಖಲೆಗಳನ್ನು ನಂತರ ಸಲ್ಲಿಸುತ್ತೇನೆ" ಎಂದು ಮೊದಲು ದಾಖಲಿಸಿ, ಸ್ವೀಕೃತಿಯ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಹಿಂದೆ ಪ್ರಯಾಣಕ್ಕೆ ಇದ್ದ 13 ವಾರಗಳ ಮಿತಿಗೂ ಈ 13 ವಾರಗಳಿಗೂ ಯಾವುದೇ ಸಂಬಂಧವಿಲ್ಲ.

ಮನವಿ ಉದ್ದವಾಗಿರಬೇಕಾಗಿಲ್ಲ. ಕೆಳಗಿನ ಧಾಟಿಯಲ್ಲಿ ಬರೆದರೆ ಸಾಕು:

"ದಿನಾಂಕ ... ರ ಪತ್ರದ ಮೂಲಕ ನನ್ನ ಪಿಂಚಣಿಯನ್ನು ರದ್ದುಪಡಿಸಿರುವ ನಿರ್ಧಾರದ ಮರುಪರಿಶೀಲನೆಯನ್ನು ಕೋರುತ್ತೇನೆ. ನಾನು ... ರಂದು ಆಸ್ಟ್ರೇಲಿಯದಿಂದ ಹೊರಟು, ... ರಂದು ಹಿಂದಿರುಗುವ ಟಿಕೆಟ್ ಹೊಂದಿದ್ದೆನು. ನಾನು ಭಾರತದಲ್ಲಿದ್ದಾಗ ... ರಂದು ನನ್ನ ತಂದೆಯವರು ಹೃದಯಾಘಾತಕ್ಕೊಳಗಾಗಿ ... ರವರೆಗೆ ತೀವ್ರ ನಿಗಾ ಘಟಕದಲ್ಲಿದ್ದರು. ಅವರನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅದರ ವಿವರ ಹೀಗಿದೆ... ಈ ಕಾರಣದಿಂದ ನಿಗದಿತ ದಿನ ಹಿಂದಿರುಗಲು ಸಾಧ್ಯವಾಗದೆ ... ರಂದು ಹಿಂದಿರುಗಿದೆನು. ದಾಖಲೆಗಳನ್ನು ಲಗತ್ತಿಸಿದೆ."

ಹಿಂದಿರುಗುವ ಟಿಕೆಟಿನ ಮಾತು ಇಲ್ಲಿ ಮುಖ್ಯ. ಮೊದಲೇ ನಾಲ್ಕು ತಿಂಗಳಿಗೆ ಟಿಕೆಟ್ ಮಾಡಿಸಿದ್ದವರು, ಮೂರನೆಯ ವಾರದಲ್ಲಿ ನಡೆದ ಘಟನೆಯಿಂದಾಗಿ ಹಿಂದಿರುಗಲಾಗಲಿಲ್ಲವೆಂದರೆ ಯಾರೂ ಸುಲಭವಾಗಿ ನಂಬಲಾರರು.

ಕರ್ನಾಟಕದಲ್ಲಿ ಸಂಗ್ರಹಿಸಬೇಕಾದ ದಾಖಲೆಗಳು

ಆಸ್ಪತ್ರೆಯಿಂದ ಬಿಡುಗಡೆಯ ಸಾರಾಂಶವನ್ನು, ಅಂದರೆ ಡಿಸ್‌ಚಾರ್ಜ್ ಸಮರಿಯನ್ನು, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ ಸಹಿತ ಪಡೆಯತಕ್ಕದ್ದು. ಪಿಂಚಣಿದಾರರೇ ಕಾಯಿಲೆ ಬಿದ್ದಿದ್ದಲ್ಲಿ, ವೈದ್ಯರ ಪ್ರಮಾಣಪತ್ರದಲ್ಲಿ "ವಿಶ್ರಾಂತಿ ಅಗತ್ಯ" ಎಂಬ ಒಂದು ಸಾಲು ಸಾಲದು. ಯಾವ ದಿನದಿಂದ ಯಾವ ದಿನದವರೆಗೆ ವಿಮಾನ ಪ್ರಯಾಣ ಸಾಧ್ಯವಿರಲಿಲ್ಲ, ಯಾವ ವೈದ್ಯಕೀಯ ಕಾರಣಕ್ಕಾಗಿ ಸಾಧ್ಯವಿರಲಿಲ್ಲ ಎಂಬುದನ್ನು ವೈದ್ಯರು ಸ್ಪಷ್ಟವಾಗಿ ಬರೆಯಬೇಕು. ಅವರ ಹೆಸರು, ನೋಂದಣಿ ಸಂಖ್ಯೆ, ಮೊಹರು ಇರಬೇಕು. ಇದನ್ನು ಆಗಲೇ ಕೇಳಿ ಪಡೆಯುವುದು ಉತ್ತಮ. ಆರು ತಿಂಗಳ ನಂತರ ಸಿಡ್ನಿಯಿಂದ ದೂರವಾಣಿ ಮಾಡಿ, ಹಳೆಯ ದಿನಾಂಕಕ್ಕೆ ಪ್ರಮಾಣಪತ್ರ ಬರೆದುಕೊಡಿ ಎಂದರೆ ಯಾವ ಪ್ರಾಮಾಣಿಕ ವೈದ್ಯರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಮರಣದ ಪ್ರಕರಣದಲ್ಲಿ ಮರಣ ಪ್ರಮಾಣಪತ್ರ ಅತ್ಯಗತ್ಯ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕಾಗಿದ್ದು, ಮನೆಯಲ್ಲಿ ಮರಣ ಸಂಭವಿಸಿದಾಗ ಮಾಹಿತಿ ನೀಡುವ ಹೊಣೆ ಮನೆಯವರದು. ಹಳ್ಳಿಗಳಲ್ಲಿ ತಿಥಿ ಮುಗಿಯಲಿ ಎಂದು ಇದನ್ನು ಮುಂದೂಡುವ ರೂಢಿಯಿದೆ. ಮುಂದೂಡಿದರೆ ವಿಳಂಬ ನೋಂದಣಿಯ ಕ್ರಮ ಅನುಸರಿಸಬೇಕಾಗಿ, ಹಿಂದಿರುಗುವ ದಿನದೊಳಗೆ ಪ್ರಮಾಣಪತ್ರ ಕೈಗೆ ಬಾರದಿರಬಹುದು. ಮೃತರೊಡನೆ ಪಿಂಚಣಿದಾರರ ಸಂಬಂಧವನ್ನು ತೋರಿಸುವ ಒಂದು ದಾಖಲೆಯೂ ಜೊತೆಗಿರಲಿ. ತಂದೆಯ ಹೆಸರು ಪಾಸ್‌ಪೋರ್ಟಿನಲ್ಲಿ 'ವೆಂಕಟೇಶಪ್ಪ' ಎಂದೂ ಮರಣ ಪ್ರಮಾಣಪತ್ರದಲ್ಲಿ 'ವೆಂಕಟೇಶ್' ಎಂದೂ ಇದ್ದರೆ, ಇಬ್ಬರೂ ಒಬ್ಬರೇ ಎಂಬುದಕ್ಕೆ ಪ್ರಮಾಣಪತ್ರ ಅಥವಾ ಅಫಿಡವಿಟ್ ಬೇಕಾದೀತು. ಊರಿನಲ್ಲಿ ಇದು ಯಾರಿಗೂ ದೊಡ್ಡ ವಿಷಯವೆನಿಸುವುದಿಲ್ಲ. ಪರದೇಶದ ಕಡತದಲ್ಲಿ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು.

ಕನ್ನಡದಲ್ಲಿರುವ ದಾಖಲೆಗಳನ್ನು ಕನ್ನಡದಲ್ಲಿಯೇ ಸಲ್ಲಿಸಬಹುದು. ಕೋರಿಕೆಗೆ ಅಗತ್ಯವಾದ ದಾಖಲೆಗಳನ್ನು ಸರ್ವಿಸಸ್ ಆಸ್ಟ್ರೇಲಿಯಾ ಉಚಿತವಾಗಿ ಇಂಗ್ಲಿಷಿಗೆ ಅನುವಾದಿಸಿಕೊಳ್ಳುತ್ತದೆ. ಹೀಗಿರುವಾಗ ಮಧ್ಯವರ್ತಿಗಳಿಗೆ ದುಡ್ಡು ತೆತ್ತು, ಗೊತ್ತುಗುರಿಯಿಲ್ಲದ ಅನುವಾದ ಮಾಡಿಸುವುದು ಅನಗತ್ಯ. ಮೂಲ ಪ್ರತಿಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳತಕ್ಕದ್ದು.

ನ್ಯಾಯಮಂಡಳಿ

ಮರುಪರಿಶೀಲನಾ ಅಧಿಕಾರಿಯ ನಿರ್ಧಾರವೂ ವಿರುದ್ಧವಾಗಿ ಬಂದಲ್ಲಿ 'ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್' ಎಂಬ ನ್ಯಾಯಮಂಡಳಿಗೆ ಹೋಗಬಹುದು. ಇದು 2024ರ ಅಕ್ಟೋಬರ್ 14ರಂದು, ಹಿಂದಿನ 'ಅಡ್ಮಿನಿಸ್ಟ್ರೇಟಿವ್ ಅಪೀಲ್ಸ್ ಟ್ರಿಬ್ಯೂನಲ್' ಸ್ಥಾನದಲ್ಲಿ ಕಾರ್ಯಾರಂಭ ಮಾಡಿತು. ಹಳೆಯ ಕೈಪಿಡಿಗಳಲ್ಲಿ ಹಿಂದಿನ ಹೆಸರೇ ಇರುವುದರಿಂದ ಗೊಂದಲಪಡಬೇಕಾಗಿಲ್ಲ. ಸೆಂಟರ್‌ಲಿಂಕ್ ಪಿಂಚಣಿಯ ಪ್ರಕರಣಗಳಿಗೆ ಇಲ್ಲಿ ಅರ್ಜಿ ಶುಲ್ಕವಿಲ್ಲ. ಪೂರ್ಣ ಬಾಕಿ ಬೇಕಿದ್ದಲ್ಲಿ ಇಲ್ಲಿಯೂ 13 ವಾರಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಮೊದಲ ಹಂತದ ತೀರ್ಪು ಒಪ್ಪಿಗೆಯಾಗದಿದ್ದರೆ 28 ದಿನಗಳೊಳಗೆ ಎರಡನೆಯ ಹಂತದ ಪರಿಶೀಲನೆ ಕೋರಬಹುದು. ಅದರ ನಂತರ ಕಾನೂನಿನ ಪ್ರಶ್ನೆಯಿದ್ದಲ್ಲಿ ಮಾತ್ರ ಫೆಡರಲ್ ನ್ಯಾಯಾಲಯ.

ನ್ಯಾಯಮಂಡಳಿಯು ಸಂಗತಿಗಳನ್ನು ಹೊಸದಾಗಿ ಪರಿಶೀಲಿಸುತ್ತದೆ. ಹೊಸ ದಾಖಲೆಗಳನ್ನೂ ಸ್ವೀಕರಿಸುತ್ತದೆ. ಆದರೆ ಸಹಾನುಭೂತಿಯ ಆಧಾರದ ಮೇಲೆ ಕಾಯ್ದೆಯಲ್ಲಿಲ್ಲದ ವಿನಾಯಿತಿಯನ್ನು ಸೃಷ್ಟಿಸಲು ಅದಕ್ಕೂ ಅಧಿಕಾರವಿಲ್ಲ. ಉಚಿತ ಕಾನೂನು ನೆರವಿಗೆ ಪ್ರತಿ ರಾಜ್ಯದ ಲೀಗಲ್ ಏಡ್ ಕಚೇರಿಯನ್ನು, ಅಥವಾ 'ಎಕನಾಮಿಕ್ ಜಸ್ಟಿಸ್ ಆಸ್ಟ್ರೇಲಿಯಾ' ಒಕ್ಕೂಟಕ್ಕೆ ಸೇರಿದ ಸಮುದಾಯ ಕಾನೂನು ಕೇಂದ್ರಗಳನ್ನು ಸಂಪರ್ಕಿಸಬಹುದು. ತಮ್ಮ ಕಡತದ ಪ್ರತಿಯನ್ನು 1982ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಕೇಳುವ ಹಕ್ಕು ಇದೆ. ನಮ್ಮ ಮಾಹಿತಿ ಹಕ್ಕು ಅಧಿನಿಯಮವನ್ನು ಬಳಸಿ ಬಲ್ಲವರಿಗೆ ಇದು ಹೊಸದೆನಿಸದು.

ಹೆಚ್ಚುವರಿ ಪಾವತಿಯ ಬಾಕಿ

ಮಿತಿ ಮೀರಿದ ನಂತರವೂ ಕೆಲವು ವಾರ ಪಿಂಚಣಿ ಖಾತೆಗೆ ಜಮೆಯಾಗಿದ್ದರೆ, ಆ ಹಣವನ್ನು ಸಾಲವೆಂದು ಪರಿಗಣಿಸಿ ವಾಪಸು ಕೇಳಲಾಗುತ್ತದೆ. ಸಾಲದ ನಿರ್ಧಾರವು ರದ್ದತಿಯ ನಿರ್ಧಾರಕ್ಕಿಂತ ಪ್ರತ್ಯೇಕವಾದದ್ದು. ಎರಡರ ಮರುಪರಿಶೀಲನೆಯನ್ನೂ ಹೆಸರಿಸಿ ಕೋರಬೇಕು. ಕಚೇರಿಯ ತಪ್ಪಿನಿಂದಲೇ ಸಂದಾಯವಾಗಿ, ಪಿಂಚಣಿದಾರರು ಸದ್ಭಾವನೆಯಿಂದ ಸ್ವೀಕರಿಸಿದ್ದ ಹಣವನ್ನು ಅಥವಾ ವಿಶೇಷ ಸಂದರ್ಭಗಳಿದ್ದಲ್ಲಿ ಸಾಲವನ್ನು ಮನ್ನಾ ಮಾಡಲು ಕಾಯ್ದೆಯಲ್ಲಿ ಅವಕಾಶಗಳಿವೆ. ಒಮ್ಮೆಲೇ ತೀರಿಸಲಾಗದವರು ಕಂತು ಕೋರಬಹುದು.

ಹೊಸ ಅರ್ಜಿಯೇ ಸುಲಭವಲ್ಲವೇ?

ಮೇಲ್ಮನವಿಯ ಗೊಡವೆ ಬೇಡ, ಹಿಂದಿರುಗಿದ ಮೇಲೆ ಹೊಸದಾಗಿ ಅರ್ಜಿ ಹಾಕಿದರಾಯಿತು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಇದರ ಪರಿಣಾಮವನ್ನು ತಿಳಿದು ನಿರ್ಧರಿಸುವುದು ಒಳಿತು.

ರದ್ದಾದ ಪಿಂಚಣಿಗೆ ಹೊಸ ಅರ್ಜಿ ಸಲ್ಲಿಸಿದವರನ್ನು ಇಂದಿನ ಅಳತೆಗೋಲಿನಿಂದಲೇ ಅಳೆಯಲಾಗುತ್ತದೆ. ಅಂಗವೈಕಲ್ಯದ ಅಂಕಗಳನ್ನು ನಿರ್ಧರಿಸುವ ಕೋಷ್ಟಕಗಳು 2012ರ ಜನವರಿಯಲ್ಲಿ ಬದಲಾದವು, 2023ರ ಏಪ್ರಿಲ್ 1ರಂದು ಪುನಃ ಬದಲಾದವು. ಕನಿಷ್ಠ 20 ಅಂಕಗಳು ಬೇಕು. ಒಂದೇ ಕೋಷ್ಟಕದಲ್ಲಿ 20 ಅಂಕ ಬಾರದೆ ಬೇರೆ ಬೇರೆ ಕೋಷ್ಟಕಗಳಿಂದ ಕೂಡಿ ಬಂದವರು, ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷಗಳಲ್ಲಿ 18 ತಿಂಗಳು ಉದ್ಯೋಗ ನೆರವಿನ ಕಾರ್ಯಕ್ರಮದಲ್ಲಿ ಭಾಗವಹಿಸಿರಬೇಕು. ಊರಿನಲ್ಲಿ ವರ್ಷ ಕಳೆದವರಿಗೆ ಇದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. 2005ರ ಮೇ 11ಕ್ಕೆ ಮುಂಚಿನಿಂದ ಪಿಂಚಣಿ ಪಡೆಯುತ್ತಿದ್ದವರಿಗೆ ವಾರಕ್ಕೆ 30 ಗಂಟೆ ದುಡಿಯಬಲ್ಲರೇ ಎಂಬ ಹಳೆಯ ಪರೀಕ್ಷೆ ಅನ್ವಯವಾಗುತ್ತಿತ್ತು. ಹೊಸ ಅರ್ಜಿದಾರರಿಗೆ ಅದು 15 ಗಂಟೆ. ಅಂದರೆ, ಇಪ್ಪತ್ತು ವರ್ಷ ಪ್ರಶ್ನೆಯಿಲ್ಲದೆ ಬಂದ ಪಿಂಚಣಿಯು, ಕಾಯಿಲೆ ಎಳ್ಳಷ್ಟೂ ಕಡಿಮೆಯಾಗದಿದ್ದರೂ, ಹೊಸ ಅರ್ಜಿಯಲ್ಲಿ ತಿರಸ್ಕೃತವಾಗಬಹುದು. ರದ್ದತಿಯ ವಿರುದ್ಧ ಮೇಲ್ಮನವಿಗೆ ಇಷ್ಟು ಮಹತ್ವವಿರುವುದು ಈ ಕಾರಣಕ್ಕಾಗಿ. ಕೆಲವು ವಾರಗಳ ಬಾಕಿ ಹಣ ಅದರಲ್ಲಿ ಸಣ್ಣ ಭಾಗ ಮಾತ್ರ.

ಆದರೆ ಮೇಲ್ಮನವಿಯ ತೀರ್ಪು ಬರುವವರೆಗೆ ಹೊಸ ಅರ್ಜಿ ಹಾಕಬಾರದು ಎಂದೇನೂ ಇಲ್ಲ. ಎರಡನ್ನೂ ಏಕಕಾಲದಲ್ಲಿ ನಡೆಸಬಹುದು. ಮೇಲ್ಮನವಿ ಸೋತರೂ ಹೊಸ ಅರ್ಜಿಯ ದಿನಾಂಕ ಉಳಿಯುತ್ತದೆ. ಹೊಸ ಅರ್ಜಿಗೆ ಕಾಯಿಲೆಯ ನಿದಾನ, ಪಡೆದ ಚಿಕಿತ್ಸೆ ಮತ್ತು ಸ್ಥಿತಿ ಸ್ಥಿರವಾಗಿದೆಯೆಂಬುದರ ಬಗ್ಗೆ ವೈದ್ಯಕೀಯ ವರದಿಗಳು ಬೇಕು. ಕರ್ನಾಟಕದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದಿದ್ದವರು ತಜ್ಞವೈದ್ಯರ ವರದಿ, ಸ್ಕ್ಯಾನ್ ಫಿಲ್ಮುಗಳು ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿಗಳನ್ನು ತಪ್ಪದೆ ಜೊತೆಗೊಯ್ಯತಕ್ಕದ್ದು.

ಇನ್ನೂ ಕರ್ನಾಟಕದಲ್ಲಿಯೇ ಇರುವವರು

ಪಿಂಚಣಿ ತಡೆಹಿಡಿಯಲ್ಪಟ್ಟಿದ್ದು ಇನ್ನೂ ರದ್ದಾಗಿರದಿದ್ದರೆ, ಬೇಗ ಹಿಂದಿರುಗಿ ಕೂಡಲೇ ಸೆಂಟರ್‌ಲಿಂಕ್‌ಗೆ ತಿಳಿಸುವುದರಿಂದ ಹೊಸ ಅರ್ಜಿಯಿಲ್ಲದೆಯೇ ಪಿಂಚಣಿ ಪುನರಾರಂಭವಾಗುವ ಸಾಧ್ಯತೆಯಿದೆ. ಹಿಂದಿರುಗಲು ಆಗದಂತಹ ಘಟನೆ ನಡೆದಿದ್ದಲ್ಲಿ, 28 ದಿನಗಳು ಮುಗಿಯುವುದಕ್ಕೆ ಮೊದಲೇ ದೂರವಾಣಿ ಮಾಡಿ ಅವಧಿಯ ವಿಸ್ತರಣೆ ಕೋರತಕ್ಕದ್ದು. ಮಾತನಾಡಿದ ದಿನಾಂಕ, ವೇಳೆ ಮತ್ತು ನೀಡಲಾದ ಉಲ್ಲೇಖ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆಸ್ಟ್ರೇಲಿಯದ ಮನೆಗೆ ಬರುವ ಅಂಚೆಯನ್ನು ನೆರೆಯವರೋ ಮಕ್ಕಳೋ ವಾರಕ್ಕೊಮ್ಮೆ ತೆರೆದು, ಪತ್ರದ ಛಾಯಾಚಿತ್ರ ಕಳುಹಿಸುವಂತೆ ಏರ್ಪಾಡು ಮಾಡಿಕೊಳ್ಳುವುದು ಸೂಕ್ತ. 13 ವಾರಗಳ ಎಣಿಕೆ ಆ ಪತ್ರದಿಂದಲೇ ಆರಂಭವಾಗುತ್ತದೆ.